ಇದ್ದಿಲ ಕೆಂಡದ ಊಲಾಂಗ್ ಚಹಾ

ಚೀನಾದ ಆಗ್ನೇಯ ಭಾಗದ ಫೂಜಿಯಾನ್ ಪ್ರಾಂತದಲ್ಲಿ ರೂಪುಗೊಂಡ ಚಹಾ ಬಗೆ. ಅರೆಮಾಗಿದ ಎಲೆಯನ್ನು ಬಿದಿರು ಬುಟ್ಟಿಯಲ್ಲಿ ಹರಡಿ, ಹೊಗೆಯಾರಿದ ಇದ್ದಿಲ ಕೆಂಡದ ಕಾವಿನ ಮೇಲೆ ಗಂಟೆಗಟ್ಟಲೆ ಇಟ್ಟು, ಆರಿಸಿ, ಮತ್ತೆ ಇಟ್ಟು ಹದಕ್ಕೆ ತರುವುದು ಇದರ ವಿಶೇಷ. ವೂಯಿ ಬೆಟ್ಟಗಳ ಬಂಡೆ ಚಹಾ, ಅದೇ ಪ್ರಾಂತದ ಆನ್‌ಶಿಯ ಹಳೆಯ ಬಗೆಯ ತಿಯೆಗುವಾನ್‌ಯಿನ್, ಗುವಾಂಗ್‌ಡಾಂಗ್ ಪ್ರಾಂತದ ಫೀನಿಕ್ಸ್ ಬೆಟ್ಟದ ದಾನ್‌ಕೋಂಗ್, ತೈವಾನಿನ ದೋಂಗ್ ದಿಂಗ್ ಇವು ಈ ಕುಟುಂಬದ ಮುಖ್ಯ ಸದಸ್ಯರು. ಬೆಂಕಿಯ ಕೆಲಸ ಎಲ್ಲಕ್ಕಿಂತ ಆಳವಾಗಿ ಬೆಳೆದದ್ದು ವೂಯಿಯಲ್ಲಿ. ಹಾಗಾಗಿ ಈ ಲೇಖನದ ಹೆಚ್ಚಿನ ಭಾಗ ಅಲ್ಲಿಯದೇ.

ಹಸಿರು ಚಹಾ, ಕಪ್ಪು ಚಹಾ, ಊಲಾಂಗ್ ಎಲ್ಲವೂ ಒಂದೇ ಜಾತಿಯ ಗಿಡದ ಎಲೆಗಳು. ಕೊಯ್ದ ಮೇಲೆ ಏನು ಮಾಡುತ್ತಾರೆ ಎಂಬುದರ ಮೇಲೆ ಬಗೆ ಬೇರೆಯಾಗುತ್ತದೆ. ಎಲೆ ಜಜ್ಜಿದಾಗ ಅದರ ಕಿಣ್ವಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಒಗರಿನ ಅಂಶಗಳನ್ನು ಬದಲಿಸುತ್ತವೆ, ಎಲೆ ಕೆಂಪಾಗುತ್ತದೆ. ಕೊಯ್ದ ಕೂಡಲೇ ಬಿಸಿ ಮುಟ್ಟಿಸಿ ಇದನ್ನು ತಡೆದರೆ ಹಸಿರು ಚಹಾ, ಪೂರ್ತಿ ನಡೆಯಲು ಬಿಟ್ಟರೆ ಕಪ್ಪು ಚಹಾ. ಊಲಾಂಗ್ ಇವೆರಡರ ನಡುವಿನದು. ಚೀನೀ ಚಹಾ ವಿಜ್ಞಾನಿ ಚೆನ್ ಚುವಾನ್ 1979ರಲ್ಲಿ ಮಂಡಿಸಿದ ಆರು ವರ್ಗಗಳ ವಿಂಗಡಣೆ ಇಂದಿಗೂ ಚಾಲ್ತಿಯಲ್ಲಿದೆ. ಅದರಲ್ಲಿ ಊಲಾಂಗ್‌ಗೆ ಸ್ವತಂತ್ರ ಸ್ಥಾನವಿದೆ.

ಇಲ್ಲೇ ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಕೆಂಡ ಎಂದೊಡನೆ ಹೊಗೆ ನೆನಪಾಗುತ್ತದೆ. ಮಾರುವವರೂ ಅದನ್ನು ತಿದ್ದಲು ಹೋಗುವುದಿಲ್ಲ. ಹೊಗೆಯಾಡಿಸಿದ ಚಹಾ ಬೇರೆಯೇ ಇದೆ. ಅದು ಇದೇ ವೂಯಿ ಬೆಟ್ಟಸಾಲಿನ ತೋಂಗ್‌ಮು ಹಳ್ಳಿಯ ಲಾಪ್‌ಸಾಂಗ್ ಸೂಚಾಂಗ್. ಪೈನ್ ಸೌದೆಯ ಹೊಗೆಯಲ್ಲಿ ಒಣಗಿಸುವ ಕಪ್ಪು ಚಹಾ. ಊಲಾಂಗ್‌ನಲ್ಲಿ ಹೊಗೆ ವಾಸನೆ ಬಂದರೆ ಅದು ಹುರಿದವನ ದೋಷ. ಕೆಂಡ ಇಲ್ಲಿ ಬಳಕೆಯಾಗುವುದು ಕಾವಿಗಾಗಿ ಮಾತ್ರ.

ನೆಲ

ವೂಯಿ ಬೆಟ್ಟಗಳು ಫೂಜಿಯಾನ್‌ನ ವಾಯವ್ಯ ಮೂಲೆಯಲ್ಲಿ, ಜಿಯಾಂಗ್‌ಶಿ ಪ್ರಾಂತದ ಗಡಿಗೆ ಹೊಂದಿಕೊಂಡಿವೆ. ಕೆಂಪು ಮರಳುಗಲ್ಲಿನ ಕಡಿದಾದ ಬಂಡೆಗಳು, ಅವುಗಳ ನಡುವೆ ಇಕ್ಕಟ್ಟಾದ ಕಣಿವೆಗಳು, ಒಂಬತ್ತು ತಿರುವುಗಳ ಹೊಳೆ. 1999ರಲ್ಲಿ ಯುನೆಸ್ಕೊ ಈ ಪ್ರದೇಶವನ್ನು ನಿಸರ್ಗ ಮತ್ತು ಸಂಸ್ಕೃತಿ ಎರಡೂ ನೆಲೆಗಳಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬಂಡೆ ಸವೆದು ಉದುರಿದ ಜಲ್ಲಿ ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ಕಣಿವೆಗೆ ಬಿಸಿಲು ದಿನದ ಕೆಲವು ಹೊತ್ತು ಮಾತ್ರ. ಕಲ್ಲು ಕಟ್ಟಿ ಮಾಡಿದ ಸಣ್ಣ ಸಣ್ಣ ಅಂಕಣಗಳಲ್ಲಿ ಗಿಡಗಳು ನಿಂತಿವೆ. ನಮ್ಮ ನೀಲಗಿರಿಯ ತೋಟಗಳ ಹಾಗೆ ಕಣ್ಣು ಹಾಯಿಸಿದಷ್ಟೂ ಒಂದೇ ಎತ್ತರಕ್ಕೆ ಕತ್ತರಿಸಿದ ಹಸಿರು ಇಲ್ಲಿ ಸಿಗದು.

ಬಂಡೆಗಳ ನಡುವಿನ ಎಲೆ ಅತ್ಯುತ್ತಮ, ಅಂಚಿನದು ಮಧ್ಯಮ, ಹೊಳೆದಂಡೆಯ ಬಯಲಿನದು ಕೆಳದರ್ಜೆ ಎಂಬ ಮೂರು ಹಂತದ ಲೆಕ್ಕ ವ್ಯಾಪಾರದಲ್ಲಿ ಹಿಂದಿನಿಂದ ಬಂದಿದೆ. ಈಗಿನ ಬೆಲೆ ಇದಕ್ಕಿಂತಲೂ ಸೂಕ್ಷ್ಮ. ಒಂದೊಂದು ಕಮರಿಗೂ ಒಂದೊಂದು ದರ. ನಿಯುಲಾನ್‌ಕೆಂಗ್ ಎಂಬ ಕಿರಿದಾದ ಕಮರಿಯ ರೌಗುಯಿ ತಳಿಗೆ ಚೀನಾದ ಶ್ರೀಮಂತರು ಮುಗಿಬೀಳುತ್ತಾರೆ. ಆ ಕಮರಿಯ ಅಷ್ಟಗಲ ಜಾಗದಲ್ಲಿ ಬೆಳೆಯುವುದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಚಹಾ ಅದರ ಹೆಸರಿನಲ್ಲಿ ಮಾರಾಟವಾಗುತ್ತದೆ ಎಂಬುದು ಗೊತ್ತಿರುವವರಿಗೆಲ್ಲ ಗೊತ್ತು.

ತಳಿಗಳಲ್ಲಿ ಇಂದು ಮುಂಚೂಣಿಯಲ್ಲಿರುವುದು ಎರಡು. ಶುಯ್‌ಶ್ಯನ್ ಮೈತುಂಬಿದ, ನುಣುಪಾದ ರುಚಿಯದು. ಹಳೆಯ ಗಿಡವಾದರೆ ಪಾಚಿಯ, ಒದ್ದೆ ಮರದ ಪರಿಮಳ. ರೌಗುಯಿ ಚುರುಕಾದದ್ದು, ದಾಲ್ಚಿನ್ನಿಯ ಘಮದ್ದು. 1980ರ ದಶಕದಿಂದ ಈಚೆಗೆ ವ್ಯಾಪಕವಾಗಿ ಹಬ್ಬಿತು. ಇವಲ್ಲದೆ ದಾ ಹೋಂಗ್ ಪಾವ್, ತಿಯೆ ಲುವೊಹಾನ್, ಬಾಯ್ ಜಿಗುವಾನ್, ಶುಯ್ ಜಿನ್ ಗುಯಿ ಎಂಬ ನಾಲ್ಕು ಹೆಸರಾಂತ ಗಿಡಗಳ ಸಂತತಿಗಳಿವೆ.

ಎಲೆಯ ರಾತ್ರಿ

ಕೊಯ್ಲು ಏಪ್ರಿಲ್ ಕೊನೆಯಿಂದ ಮೇ ನಡುವಿನವರೆಗೆ. ಹಸಿರು ಚಹಾಕ್ಕೆ ಬೇಕಾದ ಎಳೆ ಮೊಗ್ಗು ಇದಕ್ಕೆ ಒಗ್ಗುವುದಿಲ್ಲ. ಚಿಗುರು ಬಿಚ್ಚಿ, ಮೂರು ನಾಲ್ಕು ಎಲೆ ಬಲಿತ ಮೇಲೆ ಕೊಯ್ಯುತ್ತಾರೆ. ಮುಂದೆ ಬರುವ ಅಲುಗಾಟವನ್ನೂ ಬೆಂಕಿಯನ್ನೂ ಎಳೆಯ ಎಲೆ ತಾಳದು.

ಮೊದಲು ಬಿಸಿಲಿನಲ್ಲಿ ಹರಡಿ ಬಾಡಿಸುತ್ತಾರೆ, ಆಮೇಲೆ ನೆರಳಿಗೆ ತಂದು ತಣಿಸುತ್ತಾರೆ. ಸಂಜೆಯಿಂದ ನಿಜವಾದ ಕೆಲಸ ಶುರು. ಅಗಲವಾದ ಬಿದಿರು ತಟ್ಟೆಗಳಲ್ಲಿ ಎಲೆಯನ್ನು ಸುತ್ತು ಬರುವಂತೆ ಕುಲುಕಿ, ಸುಮ್ಮನೆ ಬಿಟ್ಟು, ಮತ್ತೆ ಕುಲುಕುತ್ತಾರೆ. ಎಲೆಯ ಅಂಚುಗಳು ಒಂದಕ್ಕೊಂದು ತಾಗಿ ಜಜ್ಜುತ್ತವೆ, ನಡುಭಾಗ ಹಾಗೇ ಉಳಿಯುತ್ತದೆ. ಹೊರಗಿನ ತೇವ, ಗಾಳಿ ನೋಡಿಕೊಂಡು ಇದು ಎಂಟು ಹತ್ತು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ನಡೆಯುತ್ತದೆ. ಬೆಳಗಿನ ಜಾವಕ್ಕೆ ಹಸಿ ವಾಸನೆ ಹೋಗಿ ಕೋಣೆಯಲ್ಲೆಲ್ಲ ಹೂವಿನ ಕಂಪು ಹರಡುತ್ತದೆ. ಎಲೆಯಲ್ಲಿ ಮೂರು ಪಾಲು ಕೆಂಪು, ಏಳು ಪಾಲು ಹಸಿರು ಇದ್ದರೆ ಹದ ಬಂದಂತೆ. ಕೂಡಲೇ 200 ಡಿಗ್ರಿಗೂ ಮೀರಿ ಕಾದ ಬಾಣಲೆಗೆ ಹಾಕಿ ಕಿಣ್ವಗಳನ್ನು ನಿಲ್ಲಿಸಿ, ಬಿಸಿಯಿರುವಾಗಲೇ ಹೊಸೆಯುತ್ತಾರೆ. ಹಿಂದೆ ಕಾಲಿನಲ್ಲಿ ತುಳಿದು ಹೊಸೆಯುವುದೂ ಇತ್ತು. 1941ರಲ್ಲಿ ಚಹಾ ತಜ್ಞ ಝಾಂಗ್ ತಿಯಾನ್‌ಫು ಕೈಯಿಂದ ನಡೆಸುವ ಹೊಸೆಯುವ ಯಂತ್ರವೊಂದನ್ನು ರೂಪಿಸಿ ಆ ಪದ್ಧತಿಗೆ ಕೊನೆಹಾಡಲು ದಾರಿ ಮಾಡಿದರು. ಚಹಾ ಕುಡಿಯುತ್ತಲೇ ನೂರು ದಾಟಿದ ಅವರು 2017ರಲ್ಲಿ ತೀರಿಕೊಂಡರು.

ಹೊಸೆದ ಎಲೆಯನ್ನು ಜೋರು ಕಾವಿನಲ್ಲಿ ಬೇಗ ಒಣಗಿಸಿದರೆ ಕಚ್ಚಾ ಚಹಾ ಸಿದ್ಧ. ದಂಟು, ಹಳದಿ ಎಲೆ ಆರಿಸಿ ತೆಗೆದು ಇಡುತ್ತಾರೆ. ಹೆಚ್ಚಿನ ಚಹಾಗಳ ಕತೆ ಇಲ್ಲಿಗೆ ಮುಗಿಯುತ್ತದೆ. ಇದರದ್ದು ಅರ್ಧ ಮುಗಿದಿದೆ.

ಬೆಂಕಿಯ ಹದ

ಹುರಿಯುವ ಮನೆ ಕತ್ತಲೆಯ, ಗಾಳಿ ಅಷ್ಟಾಗಿ ಆಡದ ಕೋಣೆ. ಇಟ್ಟಿಗೆಯ ಕಟ್ಟೆಯಲ್ಲಿ ಸಾಲಾಗಿ ದುಂಡನೆಯ ಗುಂಡಿಗಳು. ಗಟ್ಟಿ ಮರದ ಇದ್ದಿಲನ್ನು, ಫೂಜಿಯಾನ್ ಮತ್ತು ತೈವಾನ್‌ಗಳಲ್ಲಿ ಲಿಚಿ ಇಲ್ಲವೇ ಲೊಂಗನ್ ಮರದ್ದನ್ನು, ಗುಂಡಿಯಲ್ಲಿ ಒತ್ತಾಗಿ ತುಂಬಿ, ಸಂದಿ ಉಳಿಯದಂತೆ ಕುಟ್ಟಿ, ಮೇಲೆ ಗೋಪುರದಂತೆ ಒಟ್ಟುತ್ತಾರೆ. ಸಂದಿಯಿದ್ದರೆ ಒಳಗೆ ಗಾಳಿ ಸೇರಿ ಒಂದು ಕಡೆ ಭಗ್ಗನೆ ಉರಿಯುತ್ತದೆ, ಇನ್ನೊಂದು ಕಡೆ ಆರುತ್ತದೆ. ಬೆಂಕಿ ಹೊತ್ತಿಸಿ, ಉರಿಯೂ ಹೊಗೆಯೂ ನಿಂತು, ಇಡೀ ರಾಶಿ ಕೆಂಪು ಕೆಂಡವಾಗುವವರೆಗೆ ಚಹಾವನ್ನು ಹತ್ತಿರ ತರುವುದಿಲ್ಲ. ಆಮೇಲೆ ಕೆಂಡವನ್ನು ನುಣ್ಣನೆಯ ಬೂದಿಯಿಂದ ಮುಚ್ಚುತ್ತಾರೆ.

ಈ ಬೂದಿಯೇ ಹುರಿಯುವವನ ಕೈಯಲ್ಲಿರುವ ತಿರುಗುಣಿ. ಕಾವು ಕಡಿಮೆ ಬೇಕೆಂದರೆ ಇನ್ನೊಂದು ಪದರ ಹರಡುತ್ತಾನೆ, ಹೆಚ್ಚು ಬೇಕೆಂದರೆ ಸವರಿ ತೆಗೆಯುತ್ತಾನೆ. ಒಮ್ಮೆ ಸರಿಯಾಗಿ ಕಟ್ಟಿದ ಗುಂಡಿ ಹಲವು ದಿನ ಒಂದೇ ಸಮನೆ ಕಾವು ಕೊಡುತ್ತದೆ. ಉಷ್ಣಮಾಪಕ ಇಟ್ಟುಕೊಂಡವರು ಈಗ ಇದ್ದಾರೆ. ಹಳಬರು ಬುಟ್ಟಿಯ ಹೊರಮೈಗೆ ಅಂಗೈಯ ಹಿಂಬದಿ ತಾಗಿಸಿ, ಎಷ್ಟು ಹೊತ್ತು ತಾಳಿಕೊಳ್ಳಬಹುದು ಎಂಬುದರಿಂದಲೇ ಲೆಕ್ಕ ಹಾಕುತ್ತಾರೆ.

ಬುಟ್ಟಿ ನಡುವಿನಲ್ಲಿ ಸಣ್ಣದಾಗಿ, ಎರಡೂ ತುದಿಯಲ್ಲಿ ಅಗಲವಾಗಿರುತ್ತದೆ. ಆ ನಡುವಿನಲ್ಲಿ ಕೂರುವ ಬಿದಿರು ಜರಡಿಯ ಮೇಲೆ ಎರಡು ಮೂರು ಕಿಲೊ ಎಲೆ. ಆಗಾಗ ಎಲೆಯನ್ನು ಮೇಲೆ ಕೆಳಗೆ ಮಾಡಬೇಕು. ಆಗ ಬುಟ್ಟಿಯನ್ನು ಗುಂಡಿಯಿಂದ ಎತ್ತಿ ಪಕ್ಕದ ತಟ್ಟೆಯ ಮೇಲೆ ಇಟ್ಟೇ ಕೈಯಾಡಿಸುತ್ತಾರೆ, ಮತ್ತೆ ಗುಂಡಿಗೆ ಏರಿಸುವ ಮುನ್ನ ಬುಟ್ಟಿಯನ್ನು ತಟ್ಟಿ ಪುಡಿ ಉದುರಿಸುತ್ತಾರೆ. ಕೆಂಡದ ಮೇಲೆ ಒಂದು ಚಿಟಿಕೆ ಚಹಾ ಪುಡಿ ಬಿದ್ದರೂ ಹೊಗೆ ಏಳುತ್ತದೆ, ಆ ಬುಟ್ಟಿಯ ಚಹಾ ಕೆಟ್ಟಿತೆಂದೇ ಅರ್ಥ. ಕೆಲಸಗಾರ ಎಷ್ಟು ನುರಿತವನು ಎಂದು ತಿಳಿಯಲು ಈ ಎತ್ತಿ ಇಳಿಸುವ ರೀತಿ ನೋಡಿದರೆ ಸಾಕು.

ನಮ್ಮ ಕಾಫಿ ಹುರಿಯುವುದರೊಡನೆ ಹೋಲಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಕಾಫಿ ಬೀಜ 200 ಡಿಗ್ರಿ ಆಚೀಚೆ ಹತ್ತು ಇಪ್ಪತ್ತು ನಿಮಿಷದಲ್ಲಿ ಹುರಿದು ಮುಗಿಯುತ್ತದೆ. ಇಲ್ಲಿ ಕಾವು ಬಹುಮಟ್ಟಿಗೆ 100 ಡಿಗ್ರಿ ಆಸುಪಾಸಿನಲ್ಲಿ, ಕೆಲವೊಮ್ಮೆ 130, 140ರವರೆಗೆ. ಹೊತ್ತು ಮಾತ್ರ ಆರರಿಂದ ಹನ್ನೆರಡು ಗಂಟೆ. ಒಂದು ಸುತ್ತಾದ ಮೇಲೆ ವಾರಗಟ್ಟಲೆ, ತಿಂಗಳುಗಟ್ಟಲೆ ಸುಮ್ಮನೆ ಇಡುತ್ತಾರೆ. ಒಳಗಿನ ತೇವ ಮೆಲ್ಲಗೆ ಹೊರಮೈಗೆ ಬರುತ್ತದೆ. ಆಮೇಲೆ ಎರಡನೆಯ ಸುತ್ತು, ಬೇಕಾದರೆ ಮೂರನೆಯದು. ಮೇ ತಿಂಗಳಲ್ಲಿ ಕೊಯ್ದ ಎಲೆ ಅಂಗಡಿಗೆ ಬರುವಾಗ ಶರತ್ಕಾಲ ದಾಟಿರುತ್ತದೆ. ಬೆಂಕಿ ಬಿಟ್ಟ ಹೊಸತರಲ್ಲಿ ಕುಡಿದರೆ ಬರಿ ಹುರಿದ ವಾಸನೆಯೇ ಮುಂದಾಗಿ, ಗಂಟಲು ಒಣಗುತ್ತದೆ. ಕೆಲವು ತಿಂಗಳು ಕಳೆದರೆ ಹೂವು, ಹಣ್ಣು, ಜೇನು ಒಂದೊಂದಾಗಿ ಹೊರಬರುತ್ತವೆ.

ಲಘು, ಮಧ್ಯಮ, ಪೂರ್ಣ ಎಂದು ಕಾವಿಗೆ ಮೂರು ಮಟ್ಟ. ಯಾವ ಎಲೆಗೆ ಎಷ್ಟು ಎಂಬ ತೀರ್ಮಾನದಲ್ಲೇ ಹುರಿಯುವವನ ಬುದ್ಧಿವಂತಿಕೆ ಇರುವುದು. ದಪ್ಪ ಎಲೆಯ ಶುಯ್‌ಶ್ಯನ್ ಪೂರ್ಣ ಕಾವನ್ನು ಸಲೀಸಾಗಿ ಹೊರುತ್ತದೆ. ತೆಳು ಹಳದಿ ಎಲೆಯ ಬಾಯ್ ಜಿಗುವಾನ್‌ಗೆ ಅಷ್ಟು ಕೊಟ್ಟರೆ ಅದರ ಗುಣವೇ ಸುಟ್ಟುಹೋಗುತ್ತದೆ. ಕಪ್ಪಗೆ ಹುರಿದ ಚಹಾವೇ ಶ್ರೇಷ್ಠ ಎಂಬ ಮಾತಿಗೆ ಆಧಾರವಿಲ್ಲ. ಕೆಳದರ್ಜೆಯ ಎಲೆಯ ಪೊಳ್ಳು ಮುಚ್ಚಲು ಹೆಚ್ಚು ಬೆಂಕಿ ಕೊಡುವ ಚಾಳಿ ಕಾಫಿ ವ್ಯಾಪಾರದಲ್ಲಿ ಇರುವಂತೆ ಇಲ್ಲಿಯೂ ಇದೆ. ಪತ್ತೆಹಚ್ಚುವ ದಾರಿ ಸುಲಭ: ಕುಡಿದಾದ ಮೇಲೆ ಎಲೆಯನ್ನು ನೀರಿನಲ್ಲಿ ಬಿಡಿಸಿ ನೋಡಬೇಕು. ಸರಿಯಾಗಿ ಹುರಿದ ಎಲೆ ನೀರಿನಲ್ಲಿ ಅರಳುತ್ತದೆ. ಅದರ ಬೆನ್ನ ಮೇಲೆ ಕಪ್ಪೆ ಚರ್ಮದಂತೆ ಸಣ್ಣ ಸಣ್ಣ ಗುಳ್ಳೆಗಳಿರುತ್ತವೆ, ಅಂಚಿನ ಕೆಂಪು ಇನ್ನೂ ಗುರುತು ಸಿಗುತ್ತದೆ. ಸುಟ್ಟ ಎಲೆ ಇದ್ದಿಲಿನ ಚೂರಿನಂತೆ ಮುದುಡಿಯೇ ಉಳಿಯುತ್ತದೆ.

ರಾಸಾಯನಿಕವಾಗಿ ನಡೆಯುವುದು ಇಷ್ಟು. ಎಲೆಯ ಸಕ್ಕರೆಗಳೂ ಅಮೈನೊ ಆಮ್ಲಗಳೂ ಕಾವಿನಲ್ಲಿ ಕೂಡಿ, ಹುರಿದ ಕಾಳು ಮತ್ತು ಕಾಯಿಗಳ ಪರಿಮಳ ಕೊಡುವ ಪೈರಜೀನ್‌ನಂಥ ಸಂಯುಕ್ತಗಳಾಗುತ್ತವೆ. ಒಗರು ತರುವ ಕ್ಯಾಟಚಿನ್‌ಗಳು ಇಳಿಯುತ್ತವೆ, ಹಸಿ ವಾಸನೆಯ ಹಗುರ ಅಂಶಗಳು ಆವಿಯಾಗಿ ಹೋಗುತ್ತವೆ. ಚಹಾಕ್ಕೆ ವಿಶಿಷ್ಟವಾದ ಥಿಯಾನಿನ್ ಎಂಬ ಅಮೈನೊ ಆಮ್ಲವೂ ಕಡಿಮೆಯಾಗುತ್ತದೆ. ಕೆಫೀನ್ ಸ್ವಲ್ಪ ಹೋದರೂ ಬಹುಪಾಲು ಉಳಿಯುತ್ತದೆ. ರಾತ್ರಿ ಕುಡಿದರೆ ನಿದ್ದೆ ಕೆಡುತ್ತದೆ ಎನ್ನುವವರು ಇದರಲ್ಲೂ ಎಚ್ಚರ ವಹಿಸಬೇಕು.

ವಿದ್ಯುತ್ ಒಲೆಯಲ್ಲೇಕೆ ಇದನ್ನೇ ಮಾಡಬಾರದು? ಮಾಡುತ್ತಾರೆ, ಇಂದಿನ ಮಾರುಕಟ್ಟೆಯ ಊಲಾಂಗ್‌ನಲ್ಲಿ ದೊಡ್ಡ ಪಾಲು ಅದೇ. ಕೆಂಡ ಚಹಾವನ್ನು ಶುದ್ಧಗೊಳಿಸುತ್ತದೆ, ದೇಹಕ್ಕೆ ವಿಶೇಷ ಕಿರಣ ಸೇರಿಸುತ್ತದೆ ಎಂಬ ಜಾಹೀರಾತಿನ ಮಾತನ್ನು ನಂಬಬೇಕಿಲ್ಲ. ಆದರೆ ಬೂದಿ ಮುಚ್ಚಿದ ಕೆಂಡ ಕೆಳಗಿನಿಂದ ಎಡೆಬಿಡದೆ ಒಣ ಕಾವು ಸೂಸುತ್ತದೆ, ಬುಟ್ಟಿ ತೆರೆದಿರುವುದರಿಂದ ತೇವ ಮೇಲೆ ಹೋಗುತ್ತಿರುತ್ತದೆ. ಪೆಟ್ಟಿಗೆಯೊಳಗಿನ ಬಿಸಿಗಾಳಿಗೂ ಇದಕ್ಕೂ ರುಚಿಯಲ್ಲಿ ಅಂತರವಿದೆ, ಅನುಭವಿಗಳು ಗುರುತಿಸುತ್ತಾರೆ. ಕಳಪೆ ಕೈಯ ಕೆಂಡಕ್ಕಿಂತ ನುರಿತ ಕೈಯ ವಿದ್ಯುತ್ ಒಲೆ ಮೇಲು ಎಂಬುದೂ ಅಷ್ಟೇ ನಿಜ.

ಚರಿತ್ರೆ

ವೂಯಿಯ ಚಹಾ ಊಲಾಂಗ್‌ಗಿಂತ ಹಳೆಯದು. 1302ರಲ್ಲಿ, ಮಂಗೋಲರ ಯುವಾನ್ ಆಳ್ವಿಕೆಯಲ್ಲಿ, ಹೊಳೆಯ ನಾಲ್ಕನೆಯ ತಿರುವಿನ ಬಳಿ ಅರಮನೆಯ ಚಹಾ ತೋಟ ಎದ್ದಿತು. ಆಗ ಮಾಡುತ್ತಿದ್ದದ್ದು ಒತ್ತಿದ ಬಿಲ್ಲೆ ಚಹಾ. ಮಿಂಗ್ ವಂಶದ ಮೊದಲ ಚಕ್ರವರ್ತಿ 1391ರಲ್ಲಿ ಬಿಲ್ಲೆ ಚಹಾದ ಕಪ್ಪವನ್ನು ನಿಲ್ಲಿಸಿದ ಮೇಲೆ ಬಿಡಿ ಎಲೆಯ ಕಾಲ ಬಂತು. ಬಿಡಿ ಎಲೆಯಲ್ಲಿ ಮುಂದುವರಿದ ಕಪ್ಪದ ಹೊರೆಗೆ ಜನ ನಲುಗಿ, ಗಿಡ ಸೊರಗಿ, 1557ರಲ್ಲಿ ತೋಟವೂ ಮುಚ್ಚಿತು. ಅರೆಮಾಗಿಸಿ, ಬಾಣಲೆಯಲ್ಲಿ ಹುರಿದು, ಮತ್ತೆ ಕಾವಿನಲ್ಲಿ ಒಣಗಿಸುವ ವಿಧಾನದ ಸ್ಪಷ್ಟ ವಿವರಣೆ ಸಿಗುವುದು 18ನೆಯ ಶತಮಾನದ ಆರಂಭದಲ್ಲಿ. ವೂಯಿ ಸೀಮೆಯ ಅಧಿಕಾರಿಯಾಗಿದ್ದ ಲು ತಿಂಗ್‌ಚಾನ್ 1734ರ ತನ್ನ ಚಹಾ ಗ್ರಂಥದಲ್ಲಿ ಅದನ್ನು ಸೇರಿಸಿದ್ದಾನೆ. ಕವಿ, ಭೋಜನಪ್ರಿಯ ಯುವಾನ್ ಮೇಯ್ ಮೊದಲು ಈ ಚಹಾವನ್ನು ಕಷಾಯದಂತಿದೆ ಎಂದು ಹಳಿಯುತ್ತಿದ್ದವನು, 1786ರಲ್ಲಿ ವೂಯಿಗೆ ಹೋಗಿ ಮಠಗಳಲ್ಲಿ ಪುಟ್ಟ ಬಟ್ಟಲಲ್ಲಿ ಕುಡಿದ ಮೇಲೆ ಮನಸ್ಸು ಬದಲಿಸಿ, ತನ್ನ ಅಡುಗೆ ಪುಸ್ತಕದಲ್ಲಿ ಅದನ್ನು ಹೊಗಳಿ ಬರೆದ.

ಯುರೋಪಿಗೆ ಈ ಸೀಮೆಯ ಚಹಾ ‘ಬೋಹಿ’ ಎಂಬ ಹೆಸರಿನಲ್ಲಿ ಹೋಯಿತು. 1773ರಲ್ಲಿ ಅಮೆರಿಕದ ಬಾಸ್ಟನ್ ಬಂದರಿನಲ್ಲಿ ವಸಾಹತುಗಾರರು ಸಮುದ್ರಕ್ಕೆ ಸುರಿದ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಬೋಹಿಯವೇ. 1849ರಲ್ಲಿ ಸ್ಕಾಟ್‌ಲೆಂಡಿನ ಸಸ್ಯತಜ್ಞ ರಾಬರ್ಟ್ ಫಾರ್ಚೂನ್ ಚೀನೀ ವೇಷ ಹಾಕಿ ವೂಯಿಗೆ ನುಗ್ಗಿದ. ಈಸ್ಟ್ ಇಂಡಿಯಾ ಕಂಪನಿಗಾಗಿ ಅವನು ಸಾಗಿಸಿದ ಗಿಡ, ಬೀಜ, ಕೆಲಸಗಾರರು ಹಿಮಾಲಯದ ತೋಟಗಳಿಗೆ ಬಂದರು. ಶಿಯಾಮೆನ್ ಬಂದರಿನ ವರ್ತಕರು ಬಂಡೆ ಚಹಾವನ್ನು ಸಿಂಗಪುರ, ಮಲಯ, ಫಿಲಿಪೀನ್ಸ್‌ಗಳಿಗೆ ಒಯ್ದರು. ತಿಂಗಳುಗಟ್ಟಲೆಯ ಹಡಗಿನ ಪ್ರಯಾಣವನ್ನೂ ಉಷ್ಣವಲಯದ ತೇವವನ್ನೂ ತಡೆಯಲು ಚೆನ್ನಾಗಿ ಹುರಿದ ಚಹಾವೇ ಬೇಕಿತ್ತು. ಅಲ್ಲಿ ನೆಲೆಸಿದ ಫೂಜಿಯಾನಿಗರ ನಾಲಿಗೆಗೆ ಆ ರುಚಿಯೇ ಕೂತಿತು. ಚೀನಾದಲ್ಲಿ ಫ್ಯಾಶನ್ ಬದಲಾದಾಗಲೂ ಸಿಂಗಪುರದ ಹಳೆಯ ಚಹಾ ಅಂಗಡಿಗಳು ಗಾಢವಾಗಿ ಹುರಿದದ್ದನ್ನೇ ಮಾರುತ್ತ ಬಂದವು.

ಬದಲಾದದ್ದು 1990ರ ದಶಕದಿಂದ. ಆನ್‌ಶಿಯ ತಿಯೆಗುವಾನ್‌ಯಿನ್ ಬೆಂಕಿಯನ್ನು ಬಹುತೇಕ ಬಿಟ್ಟು, ಹಸಿರು ಬಣ್ಣದ, ಹೂಗಂಪಿನ ಚಹಾ ಆಯಿತು. ನಿರ್ವಾತ ಪೊಟ್ಟಣ, ಶೀತಲಪೆಟ್ಟಿಗೆ ಬಂದ ಮೇಲೆ ಕೆಡದಿರಲು ಹುರಿಯುವ ಅಗತ್ಯ ಇರಲಿಲ್ಲ. ಆ ಹುಚ್ಚು ಇಳಿದು, ಹುರಿದ ಚಹಾಕ್ಕೆ ಮತ್ತೆ ಬೇಡಿಕೆ ಬಂದಿದೆ. ತೈವಾನಿನಲ್ಲಿ ನಾಂತೋ ಜಿಲ್ಲೆಯ ಲುಗು ಊರು ತನ್ನ ದೋಂಗ್ ದಿಂಗ್ ಸ್ಪರ್ಧೆಗಳ ಮೂಲಕ ಹುರಿಯುವ ಕಸುಬನ್ನು ಉಳಿಸಿಕೊಂಡಿತು.

ದಾ ಹೋಂಗ್ ಪಾವ್ ಮತ್ತು ಬೆಲೆ

ಬಂಡೆ ಚಹಾದಲ್ಲಿ ಜಗತ್ತು ಬಲ್ಲ ಹೆಸರು ಇದೊಂದೇ. ಜಿಯುಲೋಂಗ್‌ಕೆ ಎಂಬಲ್ಲಿ ಬಂಡೆಯ ಅರೆಯಲ್ಲಿ ನಿಂತಿರುವ ಆರು ಹಳೆಯ ಗಿಡಗಳು ಇದರ ತಾಯಿಗಿಡಗಳು. 2002ರಲ್ಲಿ ಇವುಗಳ 20 ಗ್ರಾಂ ಚಹಾ 1,80,000 ಯುವಾನ್‌ಗೆ ಹರಾಜಾಯಿತು. 2006ರಿಂದ ಇವುಗಳ ಕೊಯ್ಲು ನಿಂತಿದೆ. ಕೊನೆಯ ಕೊಯ್ಲಿನ 20 ಗ್ರಾಂ 2007ರಲ್ಲಿ ಬೀಜಿಂಗ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸೇರಿತು. ಅಂದಮೇಲೆ ಅಂಗಡಿಯಲ್ಲಿ ಸಿಗುವ ದಾ ಹೋಂಗ್ ಪಾವ್ ಎಂದರೆ ಆ ಗಿಡಗಳ ಕಸಿಯ ಸಂತಾನ, ಅಥವಾ ಹೆಚ್ಚಾಗಿ, ಹಲವು ತಳಿಗಳ ಮಿಶ್ರಣ. ಮಿಶ್ರಣ ಎಂದರೆ ಮೋಸ ಎಂದು ತಿಳಿಯಬೇಕಿಲ್ಲ. ಒಳ್ಳೆಯ ಹುರಿಗಾರ ಮಾಡಿದ ಮಿಶ್ರಣ ಒಂಟಿ ತಳಿಗಿಂತ ರುಚಿಯಾಗಿರುವುದುಂಟು.

ದಾ ಹೋಂಗ್ ಪಾವ್ ತಯಾರಿಕೆಯ ಕುಶಲತೆ 2006ರಲ್ಲಿ ಚೀನಾದ ಮೊದಲ ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಯಲ್ಲಿ ಸೇರಿತು. 2022ರ ನವೆಂಬರ್‌ನಲ್ಲಿ ಯುನೆಸ್ಕೊ ಚೀನಾದ ಸಾಂಪ್ರದಾಯಿಕ ಚಹಾ ತಯಾರಿಕೆಯನ್ನು ಒಟ್ಟಾಗಿ ಮಾನವಕುಲದ ಅಮೂರ್ತ ಪರಂಪರೆಯೆಂದು ಗುರುತಿಸಿದಾಗ ಅದರಲ್ಲಿ ವೂಯಿಯ ವಿಧಾನವೂ ಇತ್ತು.

ದಕ್ಷಿಣ ಭಾರತದಲ್ಲಿ

ಕರ್ನಾಟಕದಲ್ಲಿ ಚಹಾ ಸಣ್ಣ ಬೆಳೆ. ಚಿಕ್ಕಮಗಳೂರು ಜಿಲ್ಲೆಯ ಕೆಳಗೂರು, ಕೊಡಗಿನ ಗ್ಲೆನ್‌ಲೋರ್ನಾದಂಥ ಕೆಲವೇ ತೋಟಗಳು ಕಾಫಿಯ ಸೀಮೆಯಲ್ಲಿ ಚಹಾ ಹಿಡಿದುಕೊಂಡಿವೆ. ಗಡಿಯಾಚೆಯ ನೀಲಗಿರಿಯಲ್ಲಿ ಕನ್ನಡಕ್ಕೆ ಹತ್ತಿರದ ನುಡಿಯಾಡುವ ಬಡಗರು ಸಣ್ಣ ಹಿಡುವಳಿಗಳಲ್ಲಿ ಚಹಾ ಬೆಳೆದು ಕಾರ್ಖಾನೆಗಳಿಗೆ ಎಲೆ ಕೊಡುತ್ತಾರೆ. 19ನೆಯ ಶತಮಾನದಲ್ಲಿ ಸೆರೆಯಾಳಾಗಿ ಬಂದ ಚೀನೀಯರು ತಾಯಿಶೋಲಾ ತೋಟದಲ್ಲಿ ಕೆಲಸ ಕಲಿಸಿದರೆಂಬ ಮಾತು ಅಲ್ಲಿ ಈಗಲೂ ನಡೆದಿದೆ. ಆದರೆ ಕೆಂಡದ ವಿದ್ಯೆ ಇಲ್ಲಿ ಬೇರೂರಲಿಲ್ಲ. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಬಳಕೆಗೆ ಬಂದ, ಎಲೆಯನ್ನು ಜಜ್ಜಿ ಹರಿದು ಗುಂಡು ಕಾಳು ಮಾಡುವ ಸಿಟಿಸಿ ಯಂತ್ರ ಮುಂದೆ ಇಡೀ ದೇಶದ ರುಚಿಯನ್ನು ನಿರ್ಧರಿಸಿತು; ಹಾಲು ಸಕ್ಕರೆಗೆ ಜಗ್ಗದ ಕಡಕ್ ಟೀ ಬೇಕಾದವರಿಗೆ ಅದು ಸರಿಯಾದದ್ದೇ. ಕೂನೂರು ಸುತ್ತಿನ ಕೆಲವು ತೋಟಗಳು ಸ್ವಲ್ಪ ಊಲಾಂಗ್ ಮಾಡುತ್ತಿವೆ. ಅವು ಲಘು ಹೂಗಂಪಿನವು. ಕೆಂಡದ ಬಗೆಯ ಬದಲಿಯೆಂದು ಅವನ್ನು ಕೊಳ್ಳುವುದು ತರವಲ್ಲ.

ಕುಡಿಯುವ ಬಗೆ

ಚೀನಾದ ಪರೀಕ್ಷಕರು ಮುಚ್ಚಳದ 110 ಮಿಲಿ ಬಟ್ಟಲಿಗೆ 5 ಗ್ರಾಂ ಎಲೆ ಹಾಕಿ, ಕುದಿನೀರು ಸುರಿದು 2, 3, 5 ನಿಮಿಷ ಬಿಟ್ಟು ಮೂರು ಸಲ ಬಸಿದು ನೋಡುತ್ತಾರೆ. ಕುಡಿಯುವವರ ಕ್ರಮ ಬೇರೆ: ಅಷ್ಟೇ ಬಟ್ಟಲಿಗೆ 7, 8 ಗ್ರಾಂ ಎಲೆ, ಮರಳುವ ನೀರು, ಹತ್ತು ಹದಿನೈದು ಸೆಕೆಂಡಿಗೆ ಬಸಿಯುವುದು. ಹೀಗೆ ಏಳೆಂಟು ಸಲ ನೀರು ಹಾಕಬಹುದು, ಪ್ರತಿ ಸಲವೂ ರುಚಿ ಬೇರೆ. ಪುಟ್ಟ ಬಟ್ಟಲಿನ ಈ ರೂಢಿಯನ್ನು ಅತ್ಯಂತ ಶ್ರದ್ಧೆಯಿಂದ ಉಳಿಸಿಕೊಂಡವರು ಗುವಾಂಗ್‌ಡಾಂಗ್‌ನ ಚಾವ್‌ಝೌ ಜನ. ಹಾಲು, ಸಕ್ಕರೆ, ಏಲಕ್ಕಿ ಯಾವುದೂ ಬೇಡ.

ಬೂದಿಗೆರೆ, ದೇವನಹಳ್ಳಿ, ಹೊಸಕೋಟೆ ಕಡೆ ಇದನ್ನು ಮಾಡಿ ನೋಡುವವರಿಗೆ ಮೊದಲ ತೊಡಕು ನೀರು. ಆಳದ ಕೊಳವೆಬಾವಿಯ ಗಡಸು ನೀರಿನಲ್ಲಿ ಬಣ್ಣ ಮಂಕಾಗಿ, ಮೇಲೆ ತೆಳು ಕೆನೆ ಕಟ್ಟಿ, ಪರಿಮಳ ಅಡಗುತ್ತದೆ. ಕೆಟಲಿನ ತಳದಲ್ಲಿ ಬಿಳಿ ಪೊರೆ ಕಟ್ಟುವ ನೀರಾದರೆ ಅದರಲ್ಲಿ ದುಬಾರಿ ಚಹಾ ಹಾಕುವುದು ದಂಡ. ಹಿಡಿದಿಟ್ಟ ಶುದ್ಧ ಮಳೆನೀರು ಅಥವಾ ಖನಿಜ ಕಡಿಮೆಯಿರುವ ಶೋಧಿಸಿದ ನೀರು ಉತ್ತಮ. ಎಲೆಯನ್ನು ಗಾಳಿಯಾಡದ ತಗಡಿನ ಡಬ್ಬಿಯಲ್ಲಿ, ಸಾಂಬಾರ ಪುಡಿಗಳಿಂದ ದೂರ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಮಳೆಗಾಲದಲ್ಲಿ ತೇವ ಹಿಡಿದು ಹುಳಿ ವಾಸನೆ ಬಂದರೆ ದಪ್ಪ ತಳದ ಬಾಣಲೆಯಲ್ಲಿ ತೀರ ಸಣ್ಣ ಉರಿಯಲ್ಲಿ ಕೆಲ ಹೊತ್ತು ಬೆಚ್ಚಗೆ ಮಾಡಿ, ಆರಿಸಿ ಮತ್ತೆ ತುಂಬಬಹುದು. ಮೊದಲ ಸಲ ಕೊಳ್ಳುವವರು ಕಮರಿಯ ಹೆಸರಿಗೂ ದಾ ಹೋಂಗ್ ಪಾವ್ ಎಂಬ ಚೀಟಿಗೂ ದುಡ್ಡು ಸುರಿಯುವುದು ಬೇಡ. ಮಧ್ಯಮ ಕಾವಿನ ಶುಯ್‌ಶ್ಯನ್ 50 ಗ್ರಾಂ ತರಿಸಿದರೆ ಸಾಕು, ಅದರಲ್ಲೇ ಈ ಚಹಾ ತಮ್ಮ ನಾಲಿಗೆಗೆ ಒಗ್ಗುವುದೋ ಇಲ್ಲವೋ ಗೊತ್ತಾಗುತ್ತದೆ.